ಕೆಲಸದ ಜಾಗದಲ್ಲಿ ಸುಟ್ಟ ಗಾಯ: ಕ್ಯಾಶುವಾಲ್ಟಿಯಿಂದ ಕೋರ್ಟಿನವರೆಗೆ

ಸುಟ್ಟ ಗಾಯದ ಕೇಸು ಶುರುವಾಗುವುದು ವಕೀಲರ ಆಫೀಸಿನಲ್ಲಿ ಎಂದು ತುಂಬಾ ಜನ ತಿಳಿದಿದ್ದಾರೆ. ನಿಜಕ್ಕೂ ಅದು ಶುರುವಾಗುವುದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ. ಗಾಯಾಳು ಸ್ಟ್ರೆಚರ್ ಮೇಲೆ ನರಳುತ್ತಿರುತ್ತಾರೆ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ಏನಾಯ್ತು, ಎಲ್ಲಿ ಆಯ್ತು? ಆಗ ಪಕ್ಕದಲ್ಲಿ ನಿಂತಿರುವುದು ಹೆಂಡತಿ ಅಲ್ಲ, ಅಣ್ಣ ಅಲ್ಲ. ಮೇಸ್ತ್ರಿ ನಿಂತಿರುತ್ತಾನೆ, ಇಲ್ಲವೇ ಸೂಪರ್‌ವೈಸರ್. ಅವನು ಹೇಳುತ್ತಾನೆ: "ಮನೇಲಿ ಸ್ಟವ್ ಹಚ್ಚೋಕೆ ಹೋಗಿ ಬೆಂಕಿ ಹತ್ತಿಕೊಳ್ತು ಸಾರ್." ಡಾಕ್ಟರ್ ಅದನ್ನೇ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಗಾಯಗಳ ದಾಖಲೆಯಲ್ಲಿ ಬರೆಯುತ್ತಾರೆ. ಆ ಒಂದು ಸಾಲನ್ನು ಅಳಿಸಲು ಮುಂದೆ ಎರಡು ಮೂರು ವರ್ಷ ಕೋರ್ಟಿನಲ್ಲಿ ಒದ್ದಾಡಬೇಕಾಗುತ್ತದೆ.

ಇವತ್ತು ಕಾರ್ಮಿಕರಾದ ನೀವು ಈ ಸಭೆಯಿಂದ ಹೋಗುವಾಗ ಒಂದೇ ಮಾತು ನೆನಪಿಟ್ಟುಕೊಂಡರೂ ಸಾಕು ಎಂದಾದರೆ, ಅದು ಇದು. ಎಲ್ಲಿ ಸುಟ್ಟಿತು, ಯಾವ ಕೆಲಸ ಮಾಡುವಾಗ ಸುಟ್ಟಿತು, ಯಾರ ಕೆಲಸ ಅದು, ಈ ಮೂರು ಸಂಗತಿ ಆಸ್ಪತ್ರೆಯ ಮೊದಲ ಕಾಗದದಲ್ಲೇ ಬರಬೇಕು. ಗಾಯಾಳುವಿಗೆ ಮಾತಾಡಲು ಆದರೆ ಅವರೇ ಹೇಳಲಿ. ಆಗದಿದ್ದರೆ ಜೊತೆಗೆ ಕೆಲಸ ಮಾಡುವ ನೀವು ಹೇಳಿ. ತಪ್ಪಾಗಿ ಬರೆದುಬಿಟ್ಟಿದ್ದರೆ, ಗೊತ್ತಾದ ತಕ್ಷಣ ಆಸ್ಪತ್ರೆಗೂ ಪೊಲೀಸ್ ಠಾಣೆಗೂ ಬರಹದಲ್ಲಿ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. "ಆಮೇಲೆ ನೋಡೋಣ" ಅಂದುಕೊಂಡರೆ, ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದಾಗುತ್ತದೆ: ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?

ಕಾನೂನಿನ ಮಾತಿನ ಮಧ್ಯೆ ಚಿಕಿತ್ಸೆಯ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಜೀವದ ಪ್ರಶ್ನೆ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ಕಾಫಿಪುಡಿ ಏನೂ ಹಚ್ಚಬೇಡಿ. ಐಸ್ ಕೂಡ ಬೇಡ. ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಿ. ಉಂಗುರ, ಬಳೆ, ಗಡಿಯಾರ ಊತ ಬರುವ ಮೊದಲೇ ತೆಗೆಯಿರಿ. ಕರೆಂಟು ಹೊಡೆದಿದ್ದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಮುಟ್ಟಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ವಿಭಾಗದಂಥ ಕಡೆ ಇದಕ್ಕೇ ಪಳಗಿದ ವೈದ್ಯರಿದ್ದಾರೆ. ದೊಡ್ಡ ಗಾಯವಾದರೆ ಬೀದಿಯ ಕ್ಲಿನಿಕ್ಕಿನಲ್ಲಿ ಹೊತ್ತು ಕಳೆಯಬೇಡಿ.

ಈಗ ಕಾನೂನಿಗೆ ಬರೋಣ. ನನ್ನ ಹತ್ತಿರ ಬರುವವರು ಮೊದಲು ಕೇಳುವುದು, "ಸಾರ್, ತಪ್ಪು ನನ್ನದೇ ಅಲ್ವಾ? ಗ್ಲೌಸ್ ಹಾಕಿರಲಿಲ್ಲ. ನನಗೆ ಹೇಗೆ ಪರಿಹಾರ ಸಿಗುತ್ತೆ?" ಈ ಹಿಂಜರಿಕೆಯಿಂದಲೇ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ನೌಕರರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಯಾರ ತಪ್ಪು ಎಂದು ಹುಡುಕುವುದು ಆ ಕಾಯ್ದೆಯ ಕೆಲಸವೇ ಅಲ್ಲ. ಅಪಘಾತ ಕೆಲಸದಿಂದ, ಕೆಲಸದ ವೇಳೆಯಲ್ಲಿ ಆಗಿದೆಯೇ? ಮೂರು ದಿನಕ್ಕಿಂತ ಜಾಸ್ತಿ ದುಡಿಯಲು ಆಗದ ಹಾಗೆ ಮಾಡಿದೆಯೇ? ಇಷ್ಟು ಇದ್ದರೆ ಮಾಲೀಕ ಪರಿಹಾರ ಕೊಡಬೇಕು.

ಮಾಲೀಕನಿಗೆ ತಪ್ಪಿಸಿಕೊಳ್ಳಲು ಕೆಲವು ದಾರಿ ಇಟ್ಟಿದ್ದಾರೆ, ನಿಜ. ಕುಡಿದಿದ್ದರಿಂದಲೇ ಅಪಘಾತ ಆಯಿತು, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದ, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದ, ಹೀಗೆ. ಆದರೆ ಗಮನಿಸಿ, "ಬೇಕೆಂದೇ" ಎಂಬುದನ್ನು ಮಾಲೀಕನೇ ರುಜುವಾತು ಮಾಡಬೇಕು. ಆತುರದಲ್ಲಿ ಮರೆಯುವುದು ಬೇರೆ, ಹಟದಿಂದ ಮುರಿಯುವುದು ಬೇರೆ. ಗ್ಲೌಸನ್ನೇ ಕೊಡದ ಮಾಲೀಕ "ಇವನು ಗ್ಲೌಸ್ ಹಾಕಲಿಲ್ಲ" ಎಂದರೆ ಅದು ನಿಲ್ಲುವ ಮಾತಲ್ಲ. ಇನ್ನೊಂದು ವಿಷಯ: ಸಾವು ಸಂಭವಿಸಿದ್ದರೆ, ಇಲ್ಲವೇ ಪೂರ್ತಿಯಾಗಿ ಶಾಶ್ವತ ಅಂಗವೈಕಲ್ಯ ಬಂದಿದ್ದರೆ, ಈ ದಾರಿಗಳೂ ಮುಚ್ಚಿಹೋಗುತ್ತವೆ. ಆಗ ಮಾಲೀಕ ಕೊಡಲೇಬೇಕು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ನೌಕರರ ಪರಿಹಾರ ಕಾಯ್ದೆ, ನೌಕರರ ರಾಜ್ಯ ವಿಮೆಯ ಅಂದರೆ ಇಎಸ್‌ಐ ಕಾಯ್ದೆ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಕಾರ್ಖಾನೆ ಕಾಯ್ದೆ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಹೋಗಿದೆ. ಹೆಸರು, ಕಲಮಿನ ಸಂಖ್ಯೆ ಬದಲಾಗಿವೆ. ಆದರೆ ನಾನು ಇವತ್ತು ಹೇಳುವ ಬುಡದ ಸಂಗತಿಗಳು, ಅಂದರೆ ಪರಿಹಾರದ ಸೂತ್ರ, ಅರ್ಜಿ ಹಾಕಲು ಎರಡು ವರ್ಷದ ಗಡುವು, ಮಾಲೀಕ ತಡ ಮಾಡಿದರೆ ಬಡ್ಡಿ, ಇವೆಲ್ಲ ಹೊಸದರಲ್ಲೂ ಹಾಗೆಯೇ ಮುಂದುವರಿದಿವೆ. ನೀವು ಇಷ್ಟು ದಿನ ಕೇಳಿದ ಹಳೆಯ ಹೆಸರುಗಳಲ್ಲೇ ಮಾತಾಡುತ್ತೇನೆ.

ನಿಮ್ಮ ಮುಂದೆ ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದು ಇಎಸ್‌ಐ, ಇನ್ನೊಂದು ನೌಕರರ ಪರಿಹಾರ. ಎರಡರಲ್ಲೂ ಒಟ್ಟಿಗೆ ಒಳಗೆ ಹೋಗಲು ಆಗುವುದಿಲ್ಲ. ಇಎಸ್‌ಐಗೆ ಒಳಪಟ್ಟ ಕಾರ್ಮಿಕ ಅದೇ ಗಾಯಕ್ಕೆ, ನೌಕರರ ಪರಿಹಾರದ ಅರ್ಜಿ ತೀರ್ಮಾನಿಸುವ ಪರಿಹಾರ ಆಯುಕ್ತರ ಮುಂದೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಎ. ಟ್ರೆಹಾನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮೊದಲು ನೀವು ಇಎಸ್‌ಐನಲ್ಲಿ ಇದ್ದೀರಾ ಇಲ್ಲವಾ ಅಂತ ನೋಡಿಕೊಳ್ಳಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಾರ್ಖಾನೆಯಾದರೆ ಸಾಮಾನ್ಯವಾಗಿ ಇದ್ದೀರಿ. ಹೋಟೆಲಿನವರು "ನಮಗೆಲ್ಲಿ ಇಎಸ್‌ಐ" ಅನ್ನಬೇಡಿ. ಹೋಟೆಲಿನ ಅಡುಗೆಮನೆಯಲ್ಲಿ ನಡೆಯುವುದೂ ಈ ಕಾನೂನಿನ ಕಣ್ಣಲ್ಲಿ ತಯಾರಿಕೆಯೇ ಎಂದು ಸುಪ್ರೀಂ ಕೋರ್ಟ್ 1993ರಷ್ಟು ಹಿಂದೆಯೇ ಹೇಳಿಯಾಗಿದೆ.

ಇಎಸ್‌ಐನಲ್ಲಿ ಕೆಲಸದ ಗಾಯಕ್ಕೆ ಒಂದು ದೊಡ್ಡ ಅನುಕೂಲ ಇದೆ. ಬೇರೆ ಕಾಯಿಲೆಗೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ನಿಯಮ ಇದೆ. ಕೆಲಸದ ಗಾಯಕ್ಕೆ ಅದಿಲ್ಲ. ಸೇರಿದ ಮೊದಲ ದಿನವೇ ಸುಟ್ಟರೂ ರಕ್ಷಣೆ ಇದೆ. ಗಾಯ ವಾಸಿಯಾಗುವ ತನಕ ದಿನದ ಕೂಲಿಯ ಶೇ. 90ರಷ್ಟು ಬರುತ್ತದೆ. ತಿಂಗಳಿಗೆ 18,000 ಸಂಬಳ ಇದ್ದವರಿಗೆ ದಿನಕ್ಕೆ ಸುಮಾರು 540 ರೂಪಾಯಿ. ಶಾಶ್ವತ ಊನ ಉಳಿದರೆ ಮೆಡಿಕಲ್ ಬೋರ್ಡ್ ಎಷ್ಟು ಶೇಕಡಾ ಎಂದು ಅಳೆಯುತ್ತದೆ. ಅದಕ್ಕೆ ತಕ್ಕ ಪಿಂಚಣಿ ಜೀವನಪೂರ್ತಿ ಬರುತ್ತದೆ. ಬೋರ್ಡಿನ ಲೆಕ್ಕ ಕಡಿಮೆ ಅನಿಸಿದರೆ ಮೇಲ್ಮನವಿಗೆ ಅವಕಾಶ ಇದೆ, ಅದನ್ನು ಬಿಡಬೇಡಿ. ಇಷ್ಟಕ್ಕೂ ತಳಪಾಯ ಅಪಘಾತದ ವರದಿ. ಮಾಲೀಕರು ಅದನ್ನು ಫಾರಂ 12ರಲ್ಲಿ ಇಎಸ್‌ಐಗೆ ಕಳಿಸಬೇಕು. ಕಳಿಸಿದರೋ ಇಲ್ಲವೋ, ಅದರಲ್ಲಿ ಏನು ಬರೆದರು, ನೋಡಿ. ಮಾಲೀಕ ನಿಮ್ಮ ಹೆಸರನ್ನೇ ನೋಂದಾಯಿಸದೆ ಬಿಟ್ಟಿದ್ದರೂ ಕಂಗಾಲಾಗಬೇಡಿ. ನೋಂದಾಯಿಸಬೇಕಾದ್ದು ಅವರ ಕರ್ತವ್ಯ. ಇಎಸ್‌ಐ ನಿಮಗೆ ಕೊಟ್ಟು ಅವರಿಂದ ವಸೂಲಿ ಮಾಡಬಹುದು. ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಹಾಜರಿ, ಫೋನ್‌ಪೇಯಲ್ಲಿ ಬಂದ ಬಟವಾಡೆ, ವಾಟ್ಸಾಪ್ ಮೆಸೇಜು ಏನಾದರೂ ಇರಲಿ.

ಇನ್ನು ಇಎಸ್‌ಐ ಇಲ್ಲದವರು. ನಮ್ಮ ರಾಜ್ಯದಲ್ಲಿ ಇಂಥವರೇ ಜಾಸ್ತಿ. ಮಂಡ್ಯದ ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆ ಮುಂದೆ ರಾತ್ರಿಯೆಲ್ಲಾ ನಿಲ್ಲುವವರು, ಕರಾವಳಿಯಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಕೈ ಸುಟ್ಟುಕೊಳ್ಳುವ ಹೆಣ್ಣುಮಕ್ಕಳು, ಗುತ್ತಿಗೆ ಮೇಲೆ ಕಂಬ ಹತ್ತುವವರು, ಬೆಳಗಾವಿಯ ಸಣ್ಣ ಫೌಂಡ್ರಿಗಳಲ್ಲಿ ಕರಗಿದ ಕಬ್ಬಿಣ ಹೊರುವವರು. ಇವರಿಗೆ ನೌಕರರ ಪರಿಹಾರವೇ ದಾರಿ. "ನಾಲ್ಕೇ ಜನ ಕೆಲಸಕ್ಕಿರೋದು, ನಮಗೆ ಕಾನೂನು ಇಲ್ಲ" ಅಂತ ಆಲೆಮನೆಯವರು ಹೇಳುವುದುಂಟು. ಅದು ತಪ್ಪು. ತಯಾರಿಕೆ ನಡೆಯುವ ಜಾಗದಲ್ಲಿ ಗಾಣ ಕರೆಂಟಿನಿಂದಲೋ ಎಂಜಿನ್ನಿನಿಂದಲೋ ಓಡುತ್ತಿದ್ದರೆ ಜನರ ಸಂಖ್ಯೆ ಮುಖ್ಯ ಅಲ್ಲ. ದಿನಗೂಲಿ ಅನ್ನುವ ಕಾರಣಕ್ಕೂ ನಿಮ್ಮನ್ನು ಹೊರಗಿಡುವಂತಿಲ್ಲ.

ಗುತ್ತಿಗೆದಾರ ಫೋನ್ ಆಫ್ ಮಾಡಿ ಪರಾರಿಯಾದರೆ? ಇದನ್ನು ಕೇಳದ ಸಭೆಯೇ ಇಲ್ಲ. ಯಾರ ವ್ಯವಹಾರಕ್ಕಾಗಿ ಆ ಕೆಲಸ ನಡೆಯುತ್ತಿತ್ತೋ ಆ ಮೂಲ ಮಾಲೀಕರನ್ನೇ ನೀವು ನೇರವಾಗಿ ಕೇಳಬಹುದು. ಅವರು ನಿಮಗೆ ಕೊಟ್ಟು, ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಅದು ಅವರಿಬ್ಬರ ಲೆಕ್ಕ. ಅರ್ಜಿಯಲ್ಲಿ ಗುತ್ತಿಗೆದಾರ, ಮೂಲ ಮಾಲೀಕ, ವಿಮೆ ಇದ್ದರೆ ವಿಮಾ ಕಂಪನಿ, ಮೂವರ ಹೆಸರನ್ನೂ ಸೇರಿಸಿ.

ಮೊತ್ತದ ಲೆಕ್ಕ ನಿಮಗೆ ಬಾಯಿಪಾಠ ಆಗಬೇಕು, ಯಾಕೆಂದರೆ ರಾಜಿ ಪಂಚಾಯಿತಿಗೆ ಕೂತಾಗ ಇದೇ ನಿಮ್ಮ ಬಲ. ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ ಶೇ. 60, ಸಾವಿಗೆ ಶೇ. 50. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಆ ಅಂಕಿಗಳು ಕಾಯ್ದೆಯ ಅನುಸೂಚಿಯಲ್ಲೇ ಇವೆ. 30 ವರ್ಷಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಒಂದು ಮಿತಿ ಇದೆ. 2020ರ ಜನವರಿಯಿಂದ ಆ ಮಿತಿ 15,000 ರೂಪಾಯಿ. ನನ್ನ ಅಭಿಪ್ರಾಯದಲ್ಲಿ ಇದು ಬಹಳ ಕಡಿಮೆ. ಇವತ್ತು ಬೆಂಗಳೂರಿನಲ್ಲಿ ಒಬ್ಬ ಒಳ್ಳೆಯ ಅಡುಗೆಯವರು, ಒಬ್ಬ ವೆಲ್ಡರ್ ಇದಕ್ಕಿಂತ ತುಂಬಾ ಜಾಸ್ತಿ ದುಡಿಯುತ್ತಾರೆ. ಇದನ್ನು ಏರಿಸಬೇಕೆಂದು ನಿಮ್ಮ ಸಂಘಗಳು ಒತ್ತಾಯ ಮಾಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಂದಾಪುರ ಕಡೆಯಿಂದ ಬಂದ ಅಡುಗೆಯವರು, ವಯಸ್ಸು 30. ಬಾಣಲೆಯ ಎಣ್ಣೆ ಎರಡೂ ಕೈಗಳ ಮೇಲೆ ಬಿತ್ತು. ಚರ್ಮ ಕಸಿ ಆಯಿತು. ಆದರೆ ಬೆರಳುಗಳು ಬಾಗಿದಂತೆಯೇ ಬಿಗಿದುಕೊಂಡಿವೆ. ವೈದ್ಯರು ಇದನ್ನು ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ವೈದ್ಯರ ಸರ್ಟಿಫಿಕೇಟಿನಲ್ಲಿ "ಇಡೀ ದೇಹಕ್ಕೆ ಶೇ. 40 ಅಂಗವೈಕಲ್ಯ" ಎಂದಿದೆ. 15,000ದ ಶೇ. 60 ಅಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820. ಅದರ ಶೇ. 40 ಅಂದರೆ 7,48,728 ರೂಪಾಯಿ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ.

ಕಾನೂನು ಕೇಳುವುದು ಚರ್ಮ ಎಷ್ಟು ಶೇಕಡಾ ಸುಟ್ಟಿದೆ ಎಂದಲ್ಲ. ಆ ಮನುಷ್ಯನ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು. 1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಎಂಬ ಪ್ರಕರಣ ಬಂತು. ಗಾಯಗೊಂಡವರು ಬಡಗಿ. ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಒಂದು ಕೈಯಿಂದ ಬಡಗಿ ಕೆಲಸ ಮಾಡಲು ಆಗುತ್ತದೆಯೇ? ಆಗುವುದಿಲ್ಲ. ಆದ್ದರಿಂದ ದುಡಿಯುವ ಶಕ್ತಿ ನೂರಕ್ಕೆ ನೂರು ಹೋಯಿತು ಎಂದು ನಾಲ್ವರು ನ್ಯಾಯಮೂರ್ತಿಗಳ ಪೀಠ ಒಪ್ಪಿತು. ಐವತ್ತು ವರ್ಷದಷ್ಟು ಹಳೆಯ ತೀರ್ಪು. ಇವತ್ತಿಗೂ ಸುಟ್ಟ ಗಾಯದವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ ಎಂದು ನಾನು ನಂಬಿದ್ದೇನೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಬೆರಳು ಹೋದರೆ ಇಷ್ಟು, ಪಾದ ಹೋದರೆ ಇಷ್ಟು ಎಂದು ಅನುಸೂಚಿಯಲ್ಲಿ ಪಟ್ಟಿ ಇದೆ. ಸುಟ್ಟ ಗಾಯಕ್ಕೆ ಅಂಥ ಸಿದ್ಧ ಪಟ್ಟಿ ಇಲ್ಲ. ಒಂದು ಮಾತ್ರ ಇದೆ: ಮುಖ ಅತಿ ತೀವ್ರವಾಗಿ ವಿಕಾರಗೊಂಡಿದ್ದರೆ ಅದು ನೂರಕ್ಕೆ ನೂರು. ಇದು ಎಷ್ಟೋ ಜನ ವಕೀಲರಿಗೂ ನೆನಪಿರುವುದಿಲ್ಲ. ಮುಖ ಸುಟ್ಟವರು ಈ ಅಂಶವನ್ನು ಅರ್ಜಿಯಲ್ಲಿ ಬರೆಸಲೇಬೇಕು. ಉಳಿದ ಎಲ್ಲ ಸುಟ್ಟ ಗಾಯಗಳಿಗೆ ವೈದ್ಯರು ಅಳೆದು ಹೇಳಬೇಕು. ಅಂದರೆ ವೈದ್ಯರ ಸಾಕ್ಷಿಯೇ ಎಲ್ಲ.

ಹಾಗಾಗಿ ವೈದ್ಯರಿಗೆ ನಿಮ್ಮ ಕೆಲಸ ಏನು ಎಂದು ಬಿಡಿಸಿ ಹೇಳಿ. "ಹೋಟೆಲಿನಲ್ಲಿ ಇದ್ದೇನೆ" ಎಂದರೆ ಸಾಲದು. ದಿನಕ್ಕೆ ಹನ್ನೆರಡು ಗಂಟೆ ಒಲೆ ಮುಂದೆ ನಿಲ್ಲಬೇಕು, ದೊಡ್ಡ ಪಾತ್ರೆ ಎತ್ತಬೇಕು, ಸಟ್ಟುಗ ಬಿಗಿಯಾಗಿ ಹಿಡಿಯಬೇಕು, ಹೀಗೆ. ಕಸಿ ಮಾಡಿದ ಚರ್ಮ ಬೆವರುವುದಿಲ್ಲ. ಮೈಯ ಹೆಚ್ಚಿನ ಭಾಗ ಸುಟ್ಟವರಿಗೆ ಸೆಕೆ ತಡೆಯಲು ಆಗುವುದಿಲ್ಲ, ಬಿಸಿಲಲ್ಲಿ ತಲೆ ಸುತ್ತುತ್ತದೆ. ಕೈ ಚೆನ್ನಾಗಿ ಆಡುತ್ತಿದ್ದರೂ ಅಂಥವರು ಒಲೆ ಮುಂದೆ, ಕುಲುಮೆ ಮುಂದೆ ನಿಲ್ಲಲಾರರು. ಇದು ಸರ್ಟಿಫಿಕೇಟಿನಲ್ಲಿ ಬರಬೇಕು. ಕರೆಂಟಿನಿಂದ ಸುಟ್ಟವರದ್ದು ಇನ್ನೂ ಮೋಸದ ಗಾಯ. ಹೊರಗೆ ಸಣ್ಣ ಕಲೆ, ಒಳಗೆ ಸ್ನಾಯು, ನರ ಎಲ್ಲ ಹಾಳಾಗಿರಬಹುದು. ತಿಂಗಳುಗಳ ನಂತರ ಕಣ್ಣಿಗೆ ಪೊರೆ ಬರುವುದೂ ಉಂಟು. ಲೈನ್‌ಮನ್‌ಗಳು ಕಣ್ಣಿನ ಪರೀಕ್ಷೆಯನ್ನು ಮಾಡಿಸಿ ದಾಖಲೆ ಇಟ್ಟುಕೊಳ್ಳಿ.

ನಮ್ಮ ಉದಾಹರಣೆಯ ಅಡುಗೆಯವರು ಹೀಗೆಲ್ಲ ಸಾಕ್ಷ್ಯ ಕೊಟ್ಟು, ತಾನು ಮಾಡಬಲ್ಲ ಯಾವ ಕೆಲಸವೂ ಇನ್ನು ಸಾಧ್ಯವಿಲ್ಲ ಎಂದು ತೋರಿಸಿದರೆ ಪರಿಹಾರ 18,71,820ಕ್ಕೆ ಹೋಗಬಹುದು. ಖಂಡಿತ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಎದುರು ಪಕ್ಷದವರು "ಕ್ಯಾಶಿಯರ್ ಕೆಲಸ ಮಾಡಬಹುದಲ್ಲ" ಎನ್ನುತ್ತಾರೆ. ಅದಕ್ಕೆ ಉತ್ತರ ನಿಮ್ಮ ಓದು, ಅನುಭವ, ಊರು, ಎಲ್ಲದರಿಂದ ಬರಬೇಕು. ಆದರೆ ಎರಡು ಮೊತ್ತಗಳ ನಡುವೆ ಹನ್ನೊಂದು ಲಕ್ಷಕ್ಕೂ ಜಾಸ್ತಿ ಅಂತರ ಇದೆ. ಅಷ್ಟೂ ವೈದ್ಯರು ಬರೆಯುವ ಕೆಲವು ಸಾಲುಗಳ ಮೇಲೆ ನಿಂತಿದೆ.

ಇದರ ಜೊತೆಗೆ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕ ಬೇರೆಯಾಗಿ ಕೊಡಬೇಕು. ಬಿಲ್ಲುಗಳನ್ನು ಎಸೆಯಬೇಡಿ. ಪ್ರೆಷರ್ ಗಾರ್ಮೆಂಟ್ (ಕಲೆ ಉಬ್ಬದಂತೆ ಹಾಕುವ ಬಿಗಿ ಬಟ್ಟೆ), ಮುಲಾಮು, ಫಿಸಿಯೋಥೆರಪಿ ಎಲ್ಲದರದ್ದೂ ಇರಲಿ. ಸುಟ್ಟ ಗಾಯದ ಚಿಕಿತ್ಸೆ ಒಂದು ಆಪರೇಷನ್‌ನಲ್ಲಿ ಮುಗಿಯುವುದಿಲ್ಲ. ಕಲೆ ಗಟ್ಟಿಯಾಗಿ ಒಂದು ಸ್ಥಿತಿಗೆ ಬರಲು ವರ್ಷವೋ ಅದಕ್ಕೂ ಜಾಸ್ತಿಯೋ ಬೇಕು. ಹಾಗಂತ ಎಲ್ಲ ವಾಸಿಯಾಗಲಿ ಎಂದು ಅರ್ಜಿ ಹಾಕದೆ ಕಾಯಬೇಡಿ, ಗಡುವು ಎರಡು ವರ್ಷ ಮಾತ್ರ. ಅರ್ಜಿ ಮೊದಲು ಹಾಕಿ, ಮುಂದಿನ ದಾಖಲೆ ಆಮೇಲೆ ಸೇರಿಸಿ. ಗಡುವು ದಾಟಿದವರೂ ಸರಿಯಾದ ಕಾರಣ ತೋರಿಸಿದರೆ ಆಯುಕ್ತರು ಅರ್ಜಿ ತೆಗೆದುಕೊಳ್ಳಬಹುದು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇದ್ದದ್ದು ಅಂಥ ಕಾರಣವೇ.

ಅರ್ಜಿ ಎಲ್ಲಿ? ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಈ ಕೇಸುಗಳನ್ನು ನಡೆಸುತ್ತಾ ಬಂದಿದ್ದಾರೆ. ಅಪಘಾತ ಆದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸ ಇರುವ ಊರಿನಲ್ಲೂ ಹಾಕಬಹುದು. ರಾಯಚೂರಿನಿಂದ ಬೆಂಗಳೂರಿಗೆ ಬಂದವರು, ವಿಜಯಪುರದಿಂದ ಗೋವಾಕ್ಕೆ ಹೋದವರು ಸುಟ್ಟ ಮೈ ಹೊತ್ತು ಪ್ರತಿ ತಾರೀಖಿಗೆ ಅಷ್ಟು ದೂರ ಓಡಾಡಬೇಕಾಗಿಲ್ಲ. ರಸ್ತೆಯಲ್ಲಿ ಟ್ಯಾಂಕರ್ ಹೊತ್ತಿಕೊಂಡು ಚಾಲಕರಿಗೋ ಕ್ಲೀನರಿಗೋ ಸುಟ್ಟಿದ್ದರೆ ಇನ್ನೊಂದು ಆಯ್ಕೆ ಇದೆ: ಮೋಟಾರು ಅಪಘಾತ ನ್ಯಾಯಮಂಡಳಿ. ಅಲ್ಲಿ 15,000ದ ಮಿತಿ ಇಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕು, ಹಾಗಾಗಿ ವಕೀಲರೊಂದಿಗೆ ಕೂತು ಲೆಕ್ಕ ಹಾಕಿ ನೋಡಿ.

ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಕೇಸು ಎಳೆದರೆ ನಿಮಗೆ ನಷ್ಟ ಎಂದು ಹೆದರಿಸುವವರಿಗೆ ಇದನ್ನು ಹೇಳಿ.

ಹೆದರಿಸುವುದು, ಪುಸಲಾಯಿಸುವುದು ಎರಡೂ ನಡೆಯುತ್ತವೆ. ಆಸ್ಪತ್ರೆಯ ಬಿಲ್ಲು ಕಟ್ಟುತ್ತೇವೆ, ಐವತ್ತು ಸಾವಿರ ಕೈಗೆ ಕೊಡುತ್ತೇವೆ, ಈ ಛಾಪಾ ಕಾಗದಕ್ಕೆ ಸಹಿ ಹಾಕು. ಕೈ ಸುಟ್ಟವರ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವನ್ನೂ ನಾನು ನೋಡಿದ್ದೇನೆ. "ಇನ್ನು ಮುಂದೆ ಏನೂ ಕೇಳುವುದಿಲ್ಲ" ಎಂದು ಬರೆದುಕೊಡುವ ಅಂಥ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ನಿಮ್ಮ ಹಕ್ಕನ್ನು ನೀವೇ ಬಿಟ್ಟುಕೊಡಲು ಕಾಯ್ದೆ ಬಿಡುವುದಿಲ್ಲ. ಸಹಿ ಹಾಕಿಬಿಟ್ಟಿದ್ದರೂ ಅರ್ಜಿ ಹಾಕಿ. ಇಡಿಗಂಟಿನ ರಾಜಿ ಆಗಲೇಬೇಕಿದ್ದರೆ ಅದು ಆಯುಕ್ತರ ಮುಂದೆ ನೋಂದಣಿ ಆಗಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ ಅವರು ನಿರಾಕರಿಸಬಹುದು. ಸಾವಿನ ಪ್ರಕರಣದಲ್ಲಿ ಹಾಗೂ ಹೆಣ್ಣುಮಕ್ಕಳಿಗೆ ಕೊಡುವ ಇಡಿಗಂಟನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ಮನೆಗೆ ಬಂದು ಗಂಡನ ಕೈಗೋ ಮಾವನ ಕೈಗೋ ಕೊಟ್ಟು ಹೋದರೆ ಕೊಟ್ಟ ಹಾಗಲ್ಲ.

ಪೊಲೀಸ್ ಕೇಸು ಪರಿಹಾರದ ಕೇಸಿಗಿಂತ ಬೇರೆ. ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಇದೆ. ಜೀವಕ್ಕೆ ಅಪಾಯ ತಂದು ಗಾಯ ಮಾಡಿದ್ದಕ್ಕೆ 125, ಸಾವಿಗೆ 106. ಪೊಲೀಸರು "ಬಿ ರಿಪೋರ್ಟ್" ಹಾಕಿ ಕೇಸು ಮುಚ್ಚಿದರೂ ನಿಮ್ಮ ಪರಿಹಾರಕ್ಕೆ ತೊಂದರೆ ಇಲ್ಲ, ಅಲ್ಲಿ ತಪ್ಪಿನ ಪ್ರಶ್ನೆಯೇ ಇಲ್ಲವಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂಕಿ ಬಿದ್ದು ಅಲ್ಲಿದ್ದ ಕೆಲಸದ ಹುಡುಗರು ಸುಟ್ಟುಹೋದರು. ಹಬ್ಬದ ಸೀಸನ್ನಿಗೆಂದು ತಮಿಳುನಾಡಿನಿಂದ ಬಂದಿದ್ದವರೇ ಹೆಚ್ಚು. ಅಂಥದ್ದು ಆದಾಗ ಸರ್ಕಾರ ಪರಿಹಾರ ಘೋಷಿಸುತ್ತದೆ. ಅದನ್ನು ತೆಗೆದುಕೊಳ್ಳಿ. ಆದರೆ ಅದು ಮಾಲೀಕನ ಹೊಣೆಯನ್ನು ತೀರಿಸುವುದಿಲ್ಲ, ಅವನ ಮೇಲಿನ ಅರ್ಜಿ ಅರ್ಜಿಯಾಗಿಯೇ ಇರಬೇಕು.

ಕಾರ್ಖಾನೆಯಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ, ಕರೆಂಟಾದರೆ ವಿದ್ಯುತ್ ಪರಿವೀಕ್ಷಕರಿಗೆ ದೂರು ಕೊಡಿ. ಅವರ ತನಿಖಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ನಿಮ್ಮ ಕೇಸಿಗೆ ಸೇರಿಸಿ. ಹೊಸ ಸುರಕ್ಷತಾ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶ ಬಂದಿದೆ. ಸುರಕ್ಷತೆಯ ಕರ್ತವ್ಯ ಮುರಿದು ಸಾವು ಅಥವಾ ತೀವ್ರ ಗಾಯ ಆಗಿ ಮಾಲೀಕನಿಗೆ ದಂಡ ಬಿದ್ದರೆ, ಅದರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟನ್ನು ಗಾಯಾಳುವಿಗೆ ಅಥವಾ ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಅದನ್ನು ಕೇಳಿ ಪಡೆಯಬೇಕು. ಕಟ್ಟಡ ಕೆಲಸದವರು ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಅಲ್ಲಿಯ ಅಪಘಾತ ಸಹಾಯಕ್ಕೂ ಅರ್ಜಿ ಹಾಕಿ.

ಕೊನೆಗೆ, ಇಲ್ಲಿ ಒಬ್ಬರು ಚೀಟಿ ಕಳಿಸಿ ಕೇಳಿದ ಎರಡು ಪ್ರಶ್ನೆ. ಒಂದು, ಗಾಯ ಆಗಿ ಮಲಗಿದ್ದಾಗಲೇ ಕೆಲಸದಿಂದ ತೆಗೆದರೆ? ಇಎಸ್‌ಐನ ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ತೆಗೆಯುವಂತಿಲ್ಲ. ಸರ್ಕಾರಿ ಸಂಸ್ಥೆಯಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಬಲ ಕೊಡುತ್ತದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರಿಗೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಇನ್ನೊಂದು, ವಕೀಲರಿಗೆ ಕೊಡಲು ದುಡ್ಡಿಲ್ಲ. ಕೈಗಾರಿಕಾ ಕಾರ್ಮಿಕರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವೈಕಲ್ಯ ಇರುವವರು, ಇವರಿಗೆಲ್ಲ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲೂ ಕಾನೂನು ಸೇವಾ ಸಮಿತಿ ಇದೆ. ಫೋನ್ ಮಾಡುವುದಾದರೆ 15100. ಎಂಎಲ್‌ಸಿ ಕಾಗದದ ನಕಲು, ಡಿಸ್ಚಾರ್ಜ್ ಸಮ್ಮರಿ, ಸಂಬಳದ ಪುರಾವೆ, ಗಾಯದ ಫೋಟೋಗಳನ್ನು ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ. ಮೂಲ ಕಾಗದಗಳನ್ನು ಮಾತ್ರ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.